ಪಡೆದುದು ಮತ್ತು ಪಡೆಯಬೇಕಾದುದು: ಕೃತಜ್ಞತೆ ಹಾಗೂ ಆತ್ಮೋನ್ನತಿಯ ಸಂಬಂಧ

ಪೀಠಿಕೆ

ಕನ್ನಡ ನಾಡಿನ ಶಾಸನಗಳಲ್ಲಿ ದತ್ತಿ ಎಂದರೆ ದೇವಾಲಯಕ್ಕೋ ಮಠಕ್ಕೋ ಅಗ್ರಹಾರಕ್ಕೋ ಕೆರೆಯ ದುರಸ್ತಿಗೋ ವಿದ್ಯಾರ್ಥಿಗಳ ಅನ್ನ ಬಟ್ಟೆಗೋ ಬಿಟ್ಟುಕೊಟ್ಟ ಭೂಮಿ ಅಥವಾ ಸುಂಕದ ಆದಾಯ. ಇಂತಹ ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯ, ಅಂದರೆ ದತ್ತಿಯನ್ನು ಕಾಪಾಡಿದವರಿಗೆ ದೊರೆಯುವ ಪುಣ್ಯವನ್ನೂ ಕೆಡಿಸಿದವರಿಗೆ ತಟ್ಟುವ ಪಾಪವನ್ನೂ ಹೇಳುವ ಭಾಗ, ಅನೇಕ ವೇಳೆ ಒಂದು ವಿಶಿಷ್ಟ ತೀರ್ಮಾನವನ್ನು ಮುಂದಿಡುತ್ತದೆ: ತಾನಾಗಿ ದಾನ ಕೊಡುವುದು ಮತ್ತು ಹಿಂದಿನವರು ಕೊಟ್ಟ ದಾನವನ್ನು ಪಾಲಿಸುವುದು, ಈ ಎರಡರಲ್ಲಿ ಪಾಲನೆಯೇ ಹೆಚ್ಚಿನದು. ಹೊಸದನ್ನು ಗಳಿಸುವ ಉತ್ಸಾಹಕ್ಕಿಂತ ಪಡೆದುದನ್ನು ಅರಿತು ಉಳಿಸಿಕೊಳ್ಳುವ ಎಚ್ಚರ ಕಷ್ಟತರವಾದುದು ಎಂಬ ಲೋಕಾನುಭವ ಇದರ ಹಿಂದಿದೆ. ಇಂದಿನ ದತ್ತಿ ಉಪನ್ಯಾಸಗಳೂ ಇದೇ ಪರಂಪರೆಯ ಮುಂದುವರಿಕೆ. ತಂದೆತಾಯಿಯರ, ಗುರುಗಳ ಅಥವಾ ಹಿರಿಯ ವಿದ್ವಾಂಸರ ಹೆಸರಿನಲ್ಲಿ ಇಟ್ಟ ಮೂಲಧನ ಕರಗದೆ ಉಳಿದು, ಅದರ ಬಡ್ಡಿಯಿಂದ ಹೊಸ ವಿಚಾರವೊಂದು ಸಭೆಯ ಮುಂದೆ ಬರುತ್ತದೆ. ಉಪಕಾರಸ್ಮರಣೆ ಮತ್ತು ವಿಚಾರದ ಬೆಳವಣಿಗೆ ಒಂದೇ ವ್ಯವಸ್ಥೆಯಲ್ಲಿ ಕೂಡಿರುವ ಇಂತಹ ಸಂದರ್ಭದಲ್ಲಿ, ವ್ಯಕ್ತಿಯ ಬಾಳಿನಲ್ಲಿ ಇವೆರಡೂ ಹೇಗೆ ಕೂಡಬಲ್ಲವು ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಉಚಿತವಾಗಿದೆ.

ಪ್ರಶ್ನೆಯ ಸ್ವರೂಪ

ಈ ಉಪನ್ಯಾಸದಲ್ಲಿ ಆತ್ಮೋನ್ನತಿ ಎಂಬುದನ್ನು ವ್ಯಕ್ತಿಯು ತನ್ನ ಅರಿವು, ಕುಶಲತೆ, ಶೀಲ ಮತ್ತು ಸ್ಥಿತಿಗತಿಗಳನ್ನು ಇಂದು ಇರುವುದಕ್ಕಿಂತ ಮೇಲಕ್ಕೆ ಒಯ್ಯಲು ಮಾಡುವ ಪ್ರಯತ್ನ ಎಂಬ ಅರ್ಥದಲ್ಲಿಯೂ, ಕೃತಜ್ಞತೆ ಎಂಬುದನ್ನು ತನಗೆ ಒದಗಿದ ಒಳಿತು ಪೂರ್ತಿಯಾಗಿ ತನ್ನ ಗಳಿಕೆಯಲ್ಲ, ಅದರಲ್ಲಿ ಇತರರ ಪಾಲಿದೆ ಎಂಬ ಅರಿವು ಮತ್ತು ಆ ಅರಿವಿಗೆ ತಕ್ಕ ನಡತೆ ಎಂಬ ಅರ್ಥದಲ್ಲಿಯೂ ಬಳಸಲಾಗಿದೆ. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ಎದುರು ನಿಲ್ಲುತ್ತವೆ. ಇರುವುದು ಸಾಲದು ಎಂಬ ಭಾವವಿಲ್ಲದೆ ಪ್ರಯತ್ನ ಹುಟ್ಟುವುದಿಲ್ಲ. ಇರುವುದೇ ದೊಡ್ಡದು ಎಂಬ ಭಾವವಿಲ್ಲದೆ ಕೃತಜ್ಞತೆ ನಿಲ್ಲುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಮಗುವಿಗೆ ಹೇಳುವ ಮನೆಯೇ, ಕೈ ಕೆಸರಾದರೆ ಬಾಯಿ ಮೊಸರೆಂದೂ ಅದೇ ಮಗುವಿಗೆ ಹೇಳುತ್ತದೆ. ಯಾವ ಹೊತ್ತಿಗೆ ಯಾವ ಮಾತು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಕಳೆದ ಒಂದೂವರೆ ಶತಮಾನದಲ್ಲಿ ಈ ತೊಡಕು ಇನ್ನಷ್ಟು ಬಿಗಿಯಾಗಿದೆ. ಇಂಗ್ಲೆಂಡಿನಲ್ಲಿ 1859ರಲ್ಲಿ ಸ್ಯಾಮ್ಯುಯೆಲ್ ಸ್ಮೈಲ್ಸ್ ‘ಸೆಲ್ಫ್ ಹೆಲ್ಪ್’ ಎಂಬ ಗ್ರಂಥವನ್ನು ಪ್ರಕಟಿಸಿ, ಕುಶಲಕರ್ಮಿಗಳು ಮತ್ತು ಯಂತ್ರನಿರ್ಮಾಪಕರು ಸ್ವಂತ ಶ್ರಮದಿಂದ ಮೇಲೆ ಬಂದ ಬಗೆಯನ್ನು ವಿವರಿಸಿದ ಮೇಲೆ, ಸ್ವಪ್ರಯತ್ನದಿಂದ ಏಳುವ ವ್ಯಕ್ತಿಯ ಚಿತ್ರ ಜಗತ್ತಿನ ಅನೇಕ ಭಾಷೆಗಳಲ್ಲಿ ಆದರ್ಶವಾಗಿ ಹರಡಿತು. ಅದು ಹುಟ್ಟಿನಿಂದ ಬಂದ ಸ್ಥಾನಮಾನವನ್ನು ಪ್ರಶ್ನಿಸಿದ ಮಟ್ಟಿಗೆ ಹಿತಕರವಾದ ಬೋಧನೆಯೇ ಆಗಿತ್ತು. ಆದರೆ ಸ್ವಂತ ಶ್ರಮವನ್ನು ಎತ್ತಿ ಹೇಳುವ ಭರದಲ್ಲಿ, ಆ ಶ್ರಮಕ್ಕೆ ನೆಲೆ ಒದಗಿಸಿದವರು ಕಣ್ಮರೆಯಾಗುವ ಅಪಾಯವೂ ಅದರಲ್ಲಿ ಅಡಗಿತ್ತು. ಮನಶ್ಶಾಸ್ತ್ರಜ್ಞರಾದ ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ 1971ರಲ್ಲಿ ಈ ಓಟದ ಇನ್ನೊಂದು ಮುಖವನ್ನು ತೋರಿಸಿದರು. ಮನುಷ್ಯನು ಹೊಸ ಸ್ಥಿತಿಗೆ ಬೇಗನೆ ಒಗ್ಗಿಕೊಳ್ಳುವುದರಿಂದ, ನಿನ್ನೆ ಗುರಿಯಾಗಿದ್ದುದು ಇಂದು ಸಾಮಾನ್ಯವಾಗಿಬಿಡುತ್ತದೆ. ಎಷ್ಟು ನಡೆದರೂ ಇದ್ದಲ್ಲಿಯೇ ಇರಿಸುವ ಓಟದ ಪಟ್ಟಿಯಂತೆ ಸುಖದ ಅನ್ವೇಷಣೆ ಸಾಗುತ್ತದೆ ಎಂಬುದು ಅವರ ವಿವರಣೆ.

ಆದ್ದರಿಂದ ಎರಡರ ನಡುವೆ ತಕ್ಕಡಿ ಹಿಡಿದು, ಇಷ್ಟು ಪಾಲು ತೃಪ್ತಿ, ಇಷ್ಟು ಪಾಲು ಹಂಬಲ ಎಂದು ಹಂಚುವುದರಿಂದ ಸಮಸ್ಯೆ ಬಗೆಹರಿಯುವುದಿಲ್ಲ. ತೃಪ್ತಿ ಯಾವುದರಲ್ಲಿ, ಅತೃಪ್ತಿ ಯಾವುದರಲ್ಲಿ ಎಂದು ವಿಷಯವನ್ನು ಬೇರ್ಪಡಿಸಿದಾಗ ಮಾತ್ರ ವಿರೋಧ ಕರಗುತ್ತದೆ ಎಂಬುದು ಇಲ್ಲಿ ಪ್ರತಿಪಾದಿಸಲಾಗುವ ಮುಖ್ಯ ವಿಚಾರ. ಪಡೆದುದರಲ್ಲಿ ತೃಪ್ತಿ, ಮಾಡುವುದರಲ್ಲಿ ಅತೃಪ್ತಿ ಎಂದು ಅದನ್ನು ಸಂಕ್ಷೇಪಿಸಬಹುದು.

ಸಂತೋಷ ಮತ್ತು ತಪಸ್ಸು

ಈ ಬೇರ್ಪಡೆಯನ್ನು ಭಾರತೀಯ ಚಿಂತನೆ ಬಹಳ ಹಿಂದೆಯೇ ಮಾಡಿದೆ. ಪತಂಜಲಿಯ ಯೋಗಸೂತ್ರದ ಎರಡನೆಯ ಪಾದ ಐದು ನಿಯಮಗಳನ್ನು, ಅಂದರೆ ಸಾಧಕನು ತನ್ನ ಮಟ್ಟಿಗೆ ಆಚರಿಸಬೇಕಾದ ಶಿಸ್ತುಗಳನ್ನು, ಎಣಿಸುತ್ತದೆ: ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ ಮತ್ತು ಈಶ್ವರಪ್ರಣಿಧಾನ. ಇಲ್ಲಿ ಸಂತೋಷ ಎಂದರೆ ಹರ್ಷವೆಂಬ ಬಳಕೆಯ ಅರ್ಥವಲ್ಲ. ವ್ಯಾಸಭಾಷ್ಯ ವಿವರಿಸುವಂತೆ, ಕೈಗೆ ಒದಗಿರುವ ಸಾಧನಗಳಿಗಿಂತ ಹೆಚ್ಚಿನದನ್ನು ಕೂಡಿಹಾಕುವ ಬಯಕೆ ಇಲ್ಲದಿರುವಿಕೆ. ಅದರ ಮಗ್ಗುಲಲ್ಲೇ ಬರುವ ತಪಸ್ಸು ದೇಹ ಮತ್ತು ಇಂದ್ರಿಯಗಳ ಮಲಿನತೆಯನ್ನು ಕಳೆದು ಅವುಗಳ ಶಕ್ತಿಯನ್ನು ಹೆಚ್ಚಿಸುವ ಕಠಿಣ ಪ್ರಯತ್ನ. ಒಂದೇ ಪಟ್ಟಿಯಲ್ಲಿ ಇವೆರಡನ್ನೂ ಅಕ್ಕಪಕ್ಕ ಇರಿಸಿದ ಸೂತ್ರಕಾರನಿಗೆ ಅವುಗಳ ನಡುವೆ ಯಾವ ವಿರೋಧವೂ ಕಂಡಿಲ್ಲ. ಏಕೆಂದರೆ ಸಂತೋಷದ ವಿಷಯ ಸಾಧನಸಾಮಗ್ರಿ, ತಪಸ್ಸಿನ ವಿಷಯ ಸಾಧಕ. ಉಪಕರಣ ಸಾಲದೆಂದು ಕೊರಗುವವನ ಸಾಧನೆ ಎಂದಿಗೂ ಆರಂಭವಾಗುವುದಿಲ್ಲ, ತಾನೇ ಸಾಕಷ್ಟಾಗಿದ್ದೇನೆಂದು ತಿಳಿದವನ ಸಾಧನೆ ಅಲ್ಲಿಗೇ ನಿಲ್ಲುತ್ತದೆ ಎಂಬುದನ್ನು ಈ ಜೋಡಣೆ ಸೂಚಿಸುತ್ತದೆ.

ಪಾಲಿ ಭಾಷೆಯ ಬೌದ್ಧ ಗ್ರಂಥವಾದ ಅಂಗುತ್ತರ ನಿಕಾಯ ಇದೇ ಮಾತನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಅದು ವರ್ಣಿಸುವ ನಾಲ್ಕು ಆರ್ಯವಂಶಗಳಲ್ಲಿ, ಎಂದರೆ ಸಜ್ಜನರು ತಲೆತಲಾಂತರದಿಂದ ನಡೆಸಿಕೊಂಡು ಬಂದ ನಡೆಗಳಲ್ಲಿ, ಮೊದಲ ಮೂರು ತೃಪ್ತಿಯನ್ನು ಕುರಿತವು: ದೊರೆತ ಚೀವರದಲ್ಲಿ, ದೊರೆತ ಭಿಕ್ಷೆಯಲ್ಲಿ, ದೊರೆತ ವಸತಿಯಲ್ಲಿ ಭಿಕ್ಷು ತೃಪ್ತನಾಗಿರಬೇಕು. ನಾಲ್ಕನೆಯದು ಭಾವನೆಯಲ್ಲಿ, ಅಂದರೆ ಚಿತ್ತವನ್ನು ಬೆಳೆಸಿಕೊಳ್ಳುವ ಅಭ್ಯಾಸದಲ್ಲಿ, ಆನಂದ ಪಡಬೇಕೆಂಬುದು. ಅದೇ ನಿಕಾಯದ ಇನ್ನೊಂದು ಕಡೆ ಬುದ್ಧನು, ಕುಶಲ ಧರ್ಮಗಳ ವಿಷಯದಲ್ಲಿ ತೃಪ್ತಿಪಡದಿರುವುದು ಮತ್ತು ಪ್ರಯತ್ನದಲ್ಲಿ ಹಿಂದೆಗೆಯದಿರುವುದು ಎಂಬ ಎರಡು ಗುಣಗಳ ಬೆಲೆಯನ್ನು ತಾನು ಸ್ವತಃ ಕಂಡುಕೊಂಡುದಾಗಿ ಹೇಳುತ್ತಾನೆ. ಬಟ್ಟೆ, ಅನ್ನ, ಸೂರುಗಳಲ್ಲಿ ತೃಪ್ತಿಯನ್ನು ಬೋಧಿಸಿದವನೇ ಗುಣಗಳಲ್ಲಿ ಅತೃಪ್ತಿಯನ್ನು ಬೋಧಿಸುತ್ತಾನೆ. ಮೊದಲೇ ಉಪಕಾರ ಮಾಡುವವನು ಮತ್ತು ಮಾಡಿದ ಉಪಕಾರವನ್ನು ಅರಿತು ಮರಳಿಸುವವನು, ಈ ಇಬ್ಬರೂ ಲೋಕದಲ್ಲಿ ವಿರಳ ಎಂಬ ಮಾತೂ ಇದೇ ನಿಕಾಯದಲ್ಲಿದೆ. ಅಲ್ಲಿ ಕೃತಜ್ಞತೆ ಮೌನವಾದ ಒಳಭಾವವಾಗಿ ಉಳಿಯದೆ, ಅರಿವು ಮತ್ತು ಪ್ರತಿಕ್ರಿಯೆ ಎಂಬ ಎರಡು ಅಂಗಗಳುಳ್ಳ ನಡತೆಯಾಗಿ ಕಾಣಿಸುತ್ತದೆ.

ಋಣದ ಕಲ್ಪನೆ

ತೃಪ್ತಿ ಮತ್ತು ಪ್ರಯತ್ನಗಳ ಕ್ಷೇತ್ರ ಬೇರೆ ಎಂದಷ್ಟೇ ಹೇಳಿದರೆ ಅವು ಜಗಳವಾಡದೆ ಅಕ್ಕಪಕ್ಕ ಇರಬಲ್ಲವು ಎಂದಾಯಿತೇ ಹೊರತು, ಒಂದು ಇನ್ನೊಂದನ್ನು ಪೋಷಿಸುತ್ತದೆ ಎಂದಾಗಲಿಲ್ಲ. ಆ ಪೋಷಕ ಸಂಬಂಧವನ್ನು ತೋರಿಸುವುದು ಋಣದ ಕಲ್ಪನೆ. ಬ್ರಾಹ್ಮಣನು ಮೂರು ಋಣಗಳೊಡನೆ ಹುಟ್ಟುತ್ತಾನೆ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಋಷಿಗಳ ಋಣ ಬ್ರಹ್ಮಚರ್ಯದಿಂದ, ದೇವತೆಗಳ ಋಣ ಯಜ್ಞದಿಂದ, ಪಿತೃಗಳ ಋಣ ಸಂತಾನದಿಂದ ತೀರುತ್ತದೆ. ಶತಪಥ ಬ್ರಾಹ್ಮಣ ಈ ಮಾತನ್ನು ಹುಟ್ಟಿದವರೆಲ್ಲರಿಗೂ ವಿಸ್ತರಿಸಿ, ನಾಲ್ಕನೆಯದಾಗಿ ಮನುಷ್ಯಋಣವನ್ನು ಸೇರಿಸುತ್ತದೆ. ಅದು ತೀರುವುದು ಬಂದವರಿಗೆ ನೆಲೆ ಮತ್ತು ಅನ್ನ ಕೊಡುವುದರಿಂದ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ಈ ಋಣ ಕೇಳಿ ಪಡೆದ ಸಾಲವಲ್ಲ. ಮಾತು, ವಿದ್ಯೆ, ದೇಹ, ಅನ್ನ ಎಲ್ಲವೂ ಕೇಳುವ ಮುನ್ನವೇ ದೊರೆತಿರುವುದರಿಂದ, ಇರುವಿಕೆಯೇ ಋಣದ ಲೆಕ್ಕದಲ್ಲಿ ಆರಂಭವಾಗುತ್ತದೆ. ಎರಡನೆಯದು, ಋಷಿಗಳ ಋಣ ತೀರುವುದು ಅವರ ಸ್ತುತಿಯಿಂದಲ್ಲ, ಅವರು ಬಿಟ್ಟುಹೋದುದರ ಅಧ್ಯಯನದಿಂದ. ಕಲಿಯುವುದೇ ಕಲಿಸಿದವರಿಗೆ ಸಲ್ಲುವ ಮರುಪಾವತಿ. ಹೀಗೆ ನೋಡಿದಾಗ ಆತ್ಮೋನ್ನತಿ ಕೃತಜ್ಞತೆಯ ಎದುರಾಳಿಯಾಗದೆ ಅದರ ಒಂದು ರೂಪವೇ ಆಗುತ್ತದೆ: ವಿದ್ಯೆ ಕೊಟ್ಟವರಿಗೆ ಕೃತಜ್ಞನಾಗಿರುವವನು ಆ ವಿದ್ಯೆಯನ್ನು ಬೆಳೆಸದೆ ಇರಲಾರನು. ತೀರಿಸಿ ಮುಗಿಸಬಹುದಾದ ಬಾಕಿಯೂ ಇದಲ್ಲವಾದ್ದರಿಂದ, ಇದರಿಂದ ಹುಟ್ಟುವ ಪ್ರಯತ್ನಕ್ಕೂ ಕೊನೆಯಿಲ್ಲ. ಆದರೆ ಆ ಪ್ರಯತ್ನದಲ್ಲಿ ಪಕ್ಕದವನಿಗಿಂತ ಮುಂದೆ ಹೋಗಬೇಕೆಂಬ ಉರಿ ಇರುವುದಿಲ್ಲ, ಏಕೆಂದರೆ ಒಬ್ಬೊಬ್ಬರ ಋಣದ ಲೆಕ್ಕವೂ ಬೇರೆ ಬೇರೆ.

ಕಾಯಕ ಮತ್ತು ದಾಸೋಹ

ಹನ್ನೆರಡನೆಯ ಶತಮಾನದ ಶರಣರು ಈ ಸಂಬಂಧವನ್ನು ಯಜ್ಞ ಮತ್ತು ವೇದಾಧ್ಯಯನದ ವಲಯದಿಂದ ಹೊರಗೆ ತಂದು, ದಿನದ ದುಡಿಮೆಯಲ್ಲಿ ಸ್ಥಾಪಿಸಿದರು. ಕಾಯಕ ಎಂದರೆ ದೇಹದಂಡನೆಯಿಂದ, ಶುದ್ಧ ಮನಸ್ಸಿನಿಂದ ಮಾಡುವ ಸತ್ಯವಾದ ದುಡಿಮೆ. ದಾಸೋಹ ಎಂದರೆ ಆ ದುಡಿಮೆಯ ಫಲವನ್ನು ತಾನು ದಾಸನೆಂಬ ಭಾವದಿಂದ ಜಂಗಮಕ್ಕೆ, ಅಂದರೆ ಚಲಿಸುವ ಶಿವರೂಪವಾದ ಶರಣ ಸಮುದಾಯಕ್ಕೆ ಅರ್ಪಿಸುವುದು. ಕಾಯಕವು ವ್ಯಕ್ತಿಯನ್ನು ಹದಗೊಳಿಸುತ್ತದೆ, ದಾಸೋಹವು ಆ ಹದದ ಫಲ ಅಹಂಕಾರಕ್ಕೆ ತಿರುಗದಂತೆ ನೋಡಿಕೊಳ್ಳುತ್ತದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ವೃತ್ತಾಂತ ಈ ವಿಚಾರದ ಅತ್ಯಂತ ಸೂಕ್ಷ್ಮ ನಿರೂಪಣೆ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಯ ಕಾಯಕ, ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ನೆಲದ ಮೇಲೆ ಬಿದ್ದ ಕಾಳನ್ನು ಬೆರಳಲ್ಲಿ ಒಂದೊಂದಾಗಿ ಹೆಕ್ಕಿ ಉಡಿಯಲ್ಲಿ ಕೂಡಿಸುವ ಈ ಕೆಲಸದಲ್ಲಿ ಇತರರ ಸಮೃದ್ಧಿಯ ಮೇಲಿನ ಅವಲಂಬನೆ ಎಷ್ಟು ಸ್ಪಷ್ಟವೋ ಸ್ವಂತ ಶ್ರಮವೂ ಅಷ್ಟೇ ಸ್ಪಷ್ಟ. ಶೂನ್ಯಸಂಪಾದನೆಯ ನಿರೂಪಣೆಯಲ್ಲಿ ಲಕ್ಕಮ್ಮ ಎರಡು ಬಾರಿ ಗಂಡನನ್ನು ತಿದ್ದುತ್ತಾಳೆ. ಅನುಭವದ ಗೋಷ್ಠಿಯಲ್ಲಿ ಮೈಮರೆತು ಕುಳಿತ ಮಾರಯ್ಯನಿಗೆ ಕಾಯಕ ನಿಂತುಹೋಗಿದೆ, ಹೊರಡು ಎಂದು ನೆನಪಿಸುವವಳು ಅವಳೇ. ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇಷ್ಟೇಕೆ ಎಂದು ಕೇಳಿ, ಆಸೆ ಅರಸರಿಗೆ ಸಲ್ಲತಕ್ಕದ್ದೇ ಹೊರತು ಶಿವಭಕ್ತರಿಗಲ್ಲ ಎಂದು ತಿಳಿಸಿ, ಹೆಚ್ಚಾದುದನ್ನು ಮೊದಲಿದ್ದ ಜಾಗದಲ್ಲಿಯೇ ಸುರಿದು ಬರುವಂತೆ ಹೇಳುವವಳೂ ಅವಳೇ.

ಈ ಎರಡು ಮಾತುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಮೊದಲನೆಯದು ಪ್ರಯತ್ನದ ಬೋಧನೆಯಾಗಿಯೂ ಎರಡನೆಯದು ತೃಪ್ತಿಯ ಬೋಧನೆಯಾಗಿಯೂ ತೋರುತ್ತವೆ. ಕೂಡಿಸಿ ನೋಡಿದರೆ ಒಂದೇ ನಿಲುವಿನ ಎರಡು ಅನ್ವಯಗಳೆಂದು ತಿಳಿಯುತ್ತದೆ. ದುಡಿಮೆಯಲ್ಲಿ ಕೊರತೆಯಾದಾಗ ಅವಳು ಸುಮ್ಮನಿರುವುದಿಲ್ಲ, ಗಳಿಕೆಯಲ್ಲಿ ಹೆಚ್ಚಳವಾದಾಗಲೂ ಸುಮ್ಮನಿರುವುದಿಲ್ಲ. ಜ್ಞಾನದ ಗೋಷ್ಠಿಯಲ್ಲಿ ಕುಳಿತು ಮೇಲೇರುತ್ತಿರುವೆನೆಂಬ ಭಾವವೂ ಒಂದು ಬಗೆಯ ಸಂಗ್ರಹವಾಗಬಹುದು ಎಂಬುದನ್ನು ಅವಳು ಗುರುತಿಸಿದ್ದಾಳೆ. ಇಂದಿನ ಆತ್ಮೋನ್ನತಿಯ ಬೋಧನೆಗಳಲ್ಲಿ ಶಿಬಿರ, ಭಾಷಣ, ಪುಸ್ತಕಗಳ ಸೇವನೆಯೇ ಸಾಧನೆಯೆಂದು ಎಣಿಕೆಯಾಗುವ ಪ್ರವೃತ್ತಿಗೆ ಇದಕ್ಕಿಂತ ಹರಿತವಾದ ವಿಮರ್ಶೆ ಸಿಗುವುದು ಕಷ್ಟ. ಕಾಯಕದಲ್ಲಿ ನಿರತನಾದಾಗ ಗುರುದರ್ಶನವನ್ನೂ ಮರೆಯಬೇಕೆಂಬ ಮಾರಯ್ಯನ ನಿಲುವು ಇದೇ ಜಾಡಿನದು. ಗುರುವಿಗೆ ಸಲ್ಲುವ ಗೌರವ ಅವನ ಮುಂದೆ ಕೈಮುಗಿದು ನಿಲ್ಲುವುದರಲ್ಲಿ ಮುಗಿಯುವುದಿಲ್ಲ, ಅವನು ಹಚ್ಚಿದ ಕೆಲಸದಲ್ಲಿ ಲೋಪವಾಗದಿರುವುದರಲ್ಲಿ ಅದು ಪೂರ್ಣವಾಗುತ್ತದೆ.

ಸಂಗೀತದ ಸಾಕ್ಷ್ಯ

ಪಡೆದುದನ್ನು ಗೌರವಿಸುತ್ತಲೇ ತನ್ನನ್ನು ನಿರಂತರವಾಗಿ ತಿದ್ದಿಕೊಳ್ಳುವ ಶಿಸ್ತು ಕರ್ನಾಟಕದಲ್ಲಿ ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳುವಂತೆ ಉಳಿದಿರುವುದು ಧಾರವಾಡ, ಗದಗ ಸೀಮೆಯ ಹಿಂದೂಸ್ತಾನಿ ಸಂಗೀತದಲ್ಲಿ. ಈ ಪರಂಪರೆಯ ಗಾಯಕರು ಗುರುವಿನ ಅಥವಾ ಹಿರಿಯ ಉಸ್ತಾದರ ಹೆಸರನ್ನು ಹೇಳುವ ಪ್ರಸಂಗ ಬಂದಾಗ ಮಾತಿನ ನಡುವೆಯೇ ಕೈ ಎತ್ತಿ ಕಿವಿ ಮುಟ್ಟಿಕೊಳ್ಳುತ್ತಾರೆ. ಅದೇ ಗಾಯಕರು ನಸುಕಿನಲ್ಲಿ ತಂಬೂರಿ ಶ್ರುತಿ ಮಾಡಿಕೊಂಡು, ಷಡ್ಜ ಹಚ್ಚಿ, ಮಂದ್ರದ ಒಂದೊಂದೇ ಸ್ವರವನ್ನು ಉಸಿರು ತೀರುವವರೆಗೆ ನಿಲ್ಲಿಸಿ, ಅದು ತುಸು ಅಲುಗಿದರೂ ಮತ್ತೆ ಮೊದಲಿನಿಂದ ಹಿಡಿಯುತ್ತಾರೆ. ಕಿವಿ ಮುಟ್ಟುವ ಕೈ ಪಡೆದುದನ್ನು ನೆನೆಯುತ್ತದೆ, ಸ್ವರವನ್ನು ಒಪ್ಪದ ಕಿವಿ ಮಾಡಬೇಕಾದುದನ್ನು ನೆನಪಿಸುತ್ತದೆ.

ಧಾರವಾಡದ ಸಮೀಪದ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಮಲ್ಲಿಕಾರ್ಜುನ ಮನಸೂರರು ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಶಿಕ್ಷಣ ಪಡೆದು, ಧ್ವನಿಮುದ್ರಿಕೆಗಳ ಮೂಲಕ ಹೆಸರು ಮಾಡಿದ ಗಾಯಕರಾಗಿದ್ದರು. ಹಾಗಿದ್ದರೂ ಅವರು ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಶಿಷ್ಯತ್ವವನ್ನು ಸ್ವೀಕರಿಸಿ, ಜೈಪುರ ಅತ್ರೌಲಿ ಘರಾಣೆಯ ಜಟಿಲವಾದ ಗಾಯನಕ್ರಮವನ್ನು ಹೊಸದಾಗಿ ಕಲಿಯಲು ತೊಡಗಿದರು. 1937ರಲ್ಲಿ ಮಂಜೀಖಾನರು ತೀರಿಕೊಂಡಾಗ ಆ ಕಲಿಕೆ ಅರ್ಧಕ್ಕೆ ನಿಂತಿತು. ಮನಸೂರರು ಅವರ ಸೋದರ ಭೂರ್ಜೀಖಾನರಲ್ಲಿ ಅದನ್ನು ಮುಂದುವರಿಸಿದರು. ಹೊಸ ಗುರುವನ್ನು ಅರಸಿದುದು ಹಳೆಯ ಗುರುವಿಗೆ ಎಸಗಿದ ದ್ರೋಹವೆಂದು ಅವರು ತಿಳಿಯಲಿಲ್ಲ; ಮೊದಲ ಗುರು ಹಾಕಿಕೊಟ್ಟ ತಳಹದಿ ಗಟ್ಟಿಯಾಗಿದ್ದುದರಿಂದಲೇ ಎರಡನೆಯ ಕಟ್ಟಡ ನಿಂತಿತು. ಹೆಸರು ಬಂದ ಮೇಲೆ ಮತ್ತೆ ವಿದ್ಯಾರ್ಥಿಯಾಗಲು ಬೇಕಾದ ವಿನಯ, ತನ್ನಲ್ಲಿರುವುದು ಕೊಟ್ಟವರಿಂದ ಬಂದದ್ದು ಎಂಬ ಅರಿವಿನಿಂದ ಮಾತ್ರ ಸಾಧ್ಯ. ತಾನೇ ತನ್ನನ್ನು ರೂಪಿಸಿಕೊಂಡೆನೆಂದು ತಿಳಿದವನಿಗೆ ಮತ್ತೆ ಗುರುವಿನ ಮುಂದೆ ಕುಳಿತುಕೊಳ್ಳುವುದು ಮಾನಭಂಗವಾಗಿ ತೋರುತ್ತದೆ. ಕೃತಜ್ಞತೆ ಉನ್ನತಿಯ ದಾರಿಯನ್ನು ತೆರೆದಿಡುವ ಬಗೆ ಇದು.

ಗದಗದ ವೀರೇಶ್ವರ ಪುಣ್ಯಾಶ್ರಮದ ಚರಿತ್ರೆ ಇದಕ್ಕೆ ಸಾಮುದಾಯಿಕ ಆಯಾಮವನ್ನು ಕೂಡಿಸುತ್ತದೆ. ಕಣ್ಣಿಲ್ಲದ ಬಡ ಬಾಲಕನೊಬ್ಬನನ್ನು ಹಾನಗಲ್ಲಿನ ಕುಮಾರಸ್ವಾಮಿಗಳು ಗುರುತಿಸಿ ಸಂಗೀತಶಿಕ್ಷಣಕ್ಕೆ ಆಸರೆಯಾದರು; ಆ ಬಾಲಕ ಪಂಚಾಕ್ಷರಿ ಗವಾಯಿಗಳಾಗಿ ಬೆಳೆದು, ತಾವು ಪಡೆದುದನ್ನು ಕುಮಾರಸ್ವಾಮಿಗಳಿಗೆ ಮರಳಿಸುವ ಬದಲು ತಮ್ಮಂತೆಯೇ ಕಣ್ಣಿಲ್ಲದ, ಆಸರೆಯಿಲ್ಲದ ಮಕ್ಕಳಿಗೆ ಅನ್ನ ಮತ್ತು ಸ್ವರವಾಗಿ ಹಂಚಿದರು. 1944ರಲ್ಲಿ ಅವರು ನಿಧನರಾದ ಮೇಲೆ, ಅವರಲ್ಲಿಯೇ ಬೆಳೆದ ದೃಷ್ಟಿಹೀನ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ಆಶ್ರಮವನ್ನು ನಡೆಸಿದರು. ಭಕ್ತರು ಅವರಿಗೆ ಊರೂರಿನಲ್ಲಿ ಮಾಡುತ್ತಿದ್ದ ತುಲಾಭಾರದ ಹಣ ಆಶ್ರಮದ ಮಕ್ಕಳ ಊಟ, ಪಾಠಗಳಿಗೆ ಸಲ್ಲುತ್ತಿತ್ತು. ಹಿಂದಿನವರಿಗೆ ಸಲ್ಲಬೇಕಾದುದು ಮುಂದಿನವರಿಗೆ ಸಲ್ಲುವ ಈ ಕ್ರಮವೇ, ಮೈಸೂರು ಧಾರವಾಡಗಳಲ್ಲಿ ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡು ಓದಿದವರು ಮುಂದೆ ಇನ್ನೊಬ್ಬ ವಿದ್ಯಾರ್ಥಿಗೆ ತಮ್ಮ ಮನೆಯ ಬಾಗಿಲು ತೆರೆದ ರೂಢಿಯಲ್ಲಿಯೂ ಕಾಣುತ್ತದೆ. ಕೊಡಲು ಶಕ್ತಿ ಬರಬೇಕಾದರೆ ಬೆಳೆಯಲೇಬೇಕು. ಆದ್ದರಿಂದ ಇಂತಹ ಋಣಪ್ರಜ್ಞೆ ಹಂಬಲವನ್ನು ಕುಗ್ಗಿಸುವ ಬದಲು ಅದಕ್ಕೆ ದಿಕ್ಕು ತೋರಿಸುತ್ತದೆ.

ಹೆಸರು ಹಿಡಿದು ನೆನೆಯುವುದು

ಕೃತಜ್ಞತೆ ಸಾರ್ಥಕವಾಗಬೇಕಾದರೆ ಅದು ನಿರ್ದಿಷ್ಟವಾಗಿರಬೇಕು. ಎಲ್ಲರಿಗೂ ಎಲ್ಲಕ್ಕೂ ಸಲ್ಲಿಸುವ ವಂದನಾರ್ಪಣೆ ಯಾರನ್ನೂ ಮುಟ್ಟುವುದಿಲ್ಲ. ಕ್ರಿ.ಶ. 161ರಿಂದ 180ರವರೆಗೆ ರೋಮನ್ ಚಕ್ರವರ್ತಿಯಾಗಿದ್ದ ಮಾರ್ಕಸ್ ಆರೇಲಿಯಸ್ ತನಗಾಗಿ ಗ್ರೀಕ್ ಭಾಷೆಯಲ್ಲಿ ಬರೆದುಕೊಂಡ ಚಿಂತನಗಳು ಆತ್ಮಪರೀಕ್ಷೆಯ ಗ್ರಂಥವಾಗಿ ಪ್ರಸಿದ್ಧವಾಗಿವೆ. ತನ್ನ ದೋಷಗಳನ್ನು ಹುಡುಕಿ ತಿದ್ದಿಕೊಳ್ಳುವುದಕ್ಕೆ ಮೀಸಲಾದ ಆ ಗ್ರಂಥದ ಮೊದಲ ಭಾಗ ಮಾತ್ರ ಪೂರ್ತಿಯಾಗಿ ಋಣದ ಪಟ್ಟಿ. ಅಜ್ಜ, ತಾಯಿ, ಗುರುಗಳು, ದತ್ತುತಂದೆ ಎಂದು ಒಬ್ಬೊಬ್ಬರಿಂದ ಯಾವ ಗುಣವನ್ನು ಕಲಿತೆನೆಂಬುದನ್ನು ಅವನು ಪ್ರತ್ಯೇಕವಾಗಿ ದಾಖಲಿಸುತ್ತಾನೆ. ತನ್ನ ಶೀಲಕ್ಕೆ ತಿದ್ದುಪಡಿ ಬೇಕಾಗಿದೆ ಎಂಬ ಅರಿವನ್ನೇ ರಸ್ಟಿಕಸ್ ಎಂಬ ಗುರುವಿನಿಂದ ಪಡೆದುದಾಗಿ ಅವನು ನೆನೆಯುವುದು ಇಲ್ಲಿ ವಿಶೇಷವಾಗಿ ಗಮನಾರ್ಹ. ತನ್ನ ಕೊರತೆಯನ್ನು ತೋರಿಸಿಕೊಟ್ಟುದೇ ಅಲ್ಲಿ ಉಪಕಾರವಾಗಿದೆ. ಅಷ್ಟೇ ಅಲ್ಲದೆ, ಅಲಂಕಾರಶಾಸ್ತ್ರ ಮತ್ತು ಕಾವ್ಯರಚನೆಯಲ್ಲಿ ತಾನು ಹೆಚ್ಚು ಮುಂದೆ ಹೋಗದಿದ್ದುದಕ್ಕೂ, ಹೋಗಿದ್ದರೆ ಅದರಲ್ಲಿಯೇ ಮುಳುಗಿಬಿಡುತ್ತಿದ್ದೆನೆಂಬ ಕಾರಣಕ್ಕೆ, ದೇವತೆಗಳಿಗೆ ಕೃತಜ್ಞನಾಗುತ್ತಾನೆ. ಎಲ್ಲ ದಿಕ್ಕಿನಲ್ಲಿಯೂ ಬೆಳೆಯಬೇಕೆಂಬ ಹಟ ಆತ್ಮೋನ್ನತಿಯಲ್ಲ ಎಂಬ ವಿವೇಕ ಇದರಲ್ಲಿದೆ.

ಕನ್ನಡದಲ್ಲಿ ಇದಕ್ಕೆ ಸಮನಾದ ಪ್ರಯತ್ನ ಡಿ. ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳು. ವಿಶ್ವವಿದ್ಯಾಲಯದ ಪದವಿಯಿಲ್ಲದೆ ಸ್ವಂತ ಅಧ್ಯಯನದಿಂದಲೇ ವಿದ್ವಾಂಸರಾದ ಅವರು ಆತ್ಮಕಥೆಗೆ ಬೇಕಾದ ಎಲ್ಲ ಸಾಮಗ್ರಿಯಿದ್ದೂ, ಸಂಗೀತಗಾರರು, ವೈದಿಕರು, ದಿವಾನರು, ಸಾಹಿತಿಗಳು, ಹೆಸರಿಲ್ಲದ ಸಾಮಾನ್ಯರು ಮುಂತಾದ ಇತರರ ಚಿತ್ರಗಳನ್ನೇ ಬರೆದರು. 1970ರಲ್ಲಿ ಬೆಂಗಳೂರಿನ ಸಾರ್ವಜನಿಕರು ಅರ್ಪಿಸಿದ ಒಂದು ಲಕ್ಷ ರೂಪಾಯಿಯ ನಿಧಿಯನ್ನು ಅವರು ತಾವೇ 1945ರಲ್ಲಿ ಸ್ಥಾಪಿಸಿದ್ದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿಗಳಲ್ಲಿ ಮುಗಿದುಹೋಗುವ ಸನ್ಮಾನದ ಸಂಪ್ರದಾಯಕ್ಕೆ ಇದು ಒಳಗಿನಿಂದಲೇ ಬಂದ ತಿದ್ದುಪಡಿ.

ಹೀಗೆ ಒಂದೊಂದಾಗಿ ನೆನೆಯುವುದರ ಬೆಲೆಯನ್ನು ಆಧುನಿಕ ಮನಶ್ಶಾಸ್ತ್ರದ ಪ್ರಯೋಗಗಳೂ ಒಂದು ಮಟ್ಟಿಗೆ ಸಮರ್ಥಿಸುತ್ತವೆ. ರಾಬರ್ಟ್ ಎಮನ್ಸ್ ಮತ್ತು ಮೈಕೇಲ್ ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಹತ್ತು ವಾರಗಳ ಕಾಲ, ವಾರಕ್ಕೊಮ್ಮೆ, ಕೃತಜ್ಞತೆಗೆ ಕಾರಣವಾದ ಐದರವರೆಗಿನ ಸಂಗತಿಗಳನ್ನು ಬರೆಯಿತು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ವ್ಯಕ್ತಪಡಿಸಿದ್ದಲ್ಲದೆ, ಎರಡನೆಯ ಗುಂಪಿನವರಿಗಿಂತ ಹೆಚ್ಚು ಹೊತ್ತು ವ್ಯಾಯಾಮವನ್ನೂ ಮಾಡಿದರು. ನಂತರದ ಪರಿಶೀಲನೆಗಳು ಇಂತಹ ಅಭ್ಯಾಸಗಳ ಪರಿಣಾಮ ಸಾಧಾರಣವಾದುದೆಂದು ತೋರಿಸಿರುವುದರಿಂದ ಅದನ್ನು ಹಿಗ್ಗಿಸಿ ಹೇಳುವುದು ತರವಲ್ಲ. ಕೃತಜ್ಞತೆ ಮನುಷ್ಯನನ್ನು ಆಲಸಿಯಾಗಿಸುತ್ತದೆ ಎಂಬ ಅಂಜಿಕೆಗೆ ಈ ಅಧ್ಯಯನದಲ್ಲಿ ಆಧಾರ ದೊರೆಯುವುದಿಲ್ಲ ಎಂಬಷ್ಟನ್ನು ಮಾತ್ರ ಹೇಳಬಹುದು.

ಕೃತಜ್ಞತೆಯ ಮಿತಿ

ಇಲ್ಲಿಯವರೆಗಿನ ವಿವೇಚನೆಗೆ ಎದುರಾಗುವ ಗಂಭೀರವಾದ ಆಕ್ಷೇಪ ಬೇರೆ ಕಡೆಯಿಂದ ಬರುತ್ತದೆ. ಚರಿತ್ರೆಯಲ್ಲಿ ಕೃತಜ್ಞತೆಯ ಬೋಧನೆ ಬಹುಮಟ್ಟಿಗೆ ಮೇಲಿನವರು ಕೆಳಗಿನವರಿಗೆ ಮಾಡಿದ ಬೋಧನೆ. ಉಪ್ಪಿನ ಋಣ, ಅನ್ನದ ಋಣ ಎಂಬ ಮಾತುಗಳು ಜೀತ ಪದ್ಧತಿಯಲ್ಲಿ ಸರಪಳಿಯ ಕೆಲಸವನ್ನೇ ಮಾಡಿವೆ. ತಂದೆ ಪಡೆದ ಸಣ್ಣ ಸಾಲಕ್ಕೆ ಮಗ ದುಡಿಯುವುದು, ಒಡೆಯನ ಮನೆಯ ಅಂಬಲಿಗೆ ತಲೆಮಾರುಗಳು ತಲೆ ಬಾಗುವುದು ಧರ್ಮವೆಂದೇ ಎಣಿಕೆಯಾಗಿತ್ತು. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಜೀತಗಾರರನ್ನು ಬಿಡುಗಡೆ ಮಾಡಿದುದಲ್ಲದೆ, ಆ ಸಾಲಗಳನ್ನು ತೀರಿಸುವ ಹೊಣೆಯೇ ಇಲ್ಲವಾಯಿತೆಂದು ಘೋಷಿಸಿತು. ಕೆಲವು ಋಣಗಳು ಋಣಗಳೇ ಅಲ್ಲ ಎಂದು ಕಾನೂನೇ ಹೇಳಬೇಕಾಯಿತು. ಇಷ್ಟು ಓದಿಸಿದ್ದೇ ದೊಡ್ಡದು, ಇನ್ನೇನು ಬೇಕು ಎಂದು ಹೆಣ್ಣುಮಗಳ ಕಾಲೇಜನ್ನು ತಪ್ಪಿಸುವ ಮನೆಯ ಮಾತಿನಲ್ಲಿಯೂ ಇದೇ ತರ್ಕ ಸೌಮ್ಯ ರೂಪದಲ್ಲಿ ಉಳಿದಿದೆ.

ಈ ಆಕ್ಷೇಪಕ್ಕೆ ಅತ್ಯಂತ ಸಮರ್ಪಕವಾದ ಉತ್ತರ ದೊರೆಯುವುದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಿ. ಆರ್. ಅಂಬೇಡ್ಕರರು ಮಾಡಿದ ಭಾಷಣದಲ್ಲಿ. ಐರ್ಲೆಂಡಿನ ಡೇನಿಯಲ್ ಓ’ಕಾನೆಲ್ ಅವರ ಮಾತನ್ನು ಆಧಾರವಾಗಿಟ್ಟುಕೊಂಡು, ದೇಶಕ್ಕೆ ಜೀವನವಿಡೀ ಸೇವೆ ಸಲ್ಲಿಸಿದ ಹಿರಿಯರಿಗೆ ಕೃತಜ್ಞರಾಗಿರುವುದು ತಪ್ಪಲ್ಲವಾದರೂ ಆ ಕೃತಜ್ಞತೆಗೆ ಎಲ್ಲೆಯುಂಟು, ಮಾನವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಒತ್ತೆಯಿಟ್ಟು ಯಾರೂ ಕೃತಜ್ಞರಾಗಲಾರರು ಎಂಬ ಎಚ್ಚರಿಕೆಯನ್ನು ಅವರು ಆ ಭಾಷಣದಲ್ಲಿ ಕೊಟ್ಟರು. ಈ ಭಾಗ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ. ಅದೇ ಭಾಷಣದ ಇನ್ನೊಂದು ಭಾಗ ಅಷ್ಟಾಗಿ ಗಮನಕ್ಕೆ ಬಂದಿಲ್ಲ: ತಮಗೆ ಸಂದ ಶ್ರೇಯಸ್ಸು ಪೂರ್ತಿಯಾಗಿ ತಮ್ಮದಲ್ಲವೆಂದು ಹೇಳಿ, ಕರಡಿನ ಮೊದಲ ರೂಪವನ್ನು ಸಿದ್ಧಪಡಿಸಿದ ಸಾಂವಿಧಾನಿಕ ಸಲಹೆಗಾರ, ಮಂಗಳೂರು ಮೂಲದ ಬೆನಗಲ್ ನರಸಿಂಗರಾಯರನ್ನೂ, ಮುಖ್ಯ ಕರಡುಗಾರರಾದ ಎಸ್. ಎನ್. ಮುಖರ್ಜಿಯವರನ್ನೂ ಅವರು ಹೆಸರಿಸಿ ಸ್ಮರಿಸಿದರು. ಮಂಗಳೂರಿನಲ್ಲಿಯೇ ಜನಿಸಿದ ಎಚ್. ವಿ. ಕಾಮತರೂ ಸೇರಿದಂತೆ, ಪ್ರತಿ ಹಂತದಲ್ಲಿ ಪ್ರಶ್ನೆ ಎತ್ತಿ ಚರ್ಚೆಗೆ ಜೀವ ತುಂಬಿದ ಭಿನ್ನಮತೀಯರಿಗೂ ವಂದನೆ ಸಲ್ಲಿಸಿದರು. ಕೃತಜ್ಞತೆಯ ಎಲ್ಲೆಯನ್ನು ಗುರುತಿಸಿದವರೇ ಕೃತಜ್ಞತೆಯ ವಿಷಯದಲ್ಲಿ ಅಷ್ಟು ಉದಾರರಾಗಿದ್ದುದು ಆಕಸ್ಮಿಕವಲ್ಲ. ಬರೋಡದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಅಂಬೇಡ್ಕರರು 1946ರಲ್ಲಿ ಶೂದ್ರರ ಮೂಲವನ್ನು ಕುರಿತ ತಮ್ಮ ಗ್ರಂಥವನ್ನು ಜೋತಿಬಾ ಫುಲೆಯವರಿಗೆ ಅರ್ಪಿಸಿದರು. ದಾರಿ ತೆರೆದವರ ಋಣವನ್ನು ಒಪ್ಪಿಕೊಳ್ಳುವುದಕ್ಕೂ ದಾರಿ ಮುಚ್ಚಿದವರ ಹಂಗನ್ನು ಧಿಕ್ಕರಿಸುವುದಕ್ಕೂ ಬೇಕಾದುದು ಒಂದೇ ಆತ್ಮಗೌರವ.

ಉಪಸಂಹಾರ

ಈ ವಿವೇಚನೆಯಿಂದ ಮೂರು ತೀರ್ಮಾನಗಳು ದೊರೆಯುತ್ತವೆ. ಕೃತಜ್ಞತೆ ಮತ್ತು ಆತ್ಮೋನ್ನತಿಯ ಹಂಬಲ ಪರಸ್ಪರ ಘರ್ಷಿಸುವುದು ಅವೆರಡೂ ಒಂದೇ ವಿಷಯದ ಮೇಲೆ ಬಿದ್ದಾಗ; ಒದಗಿದ ಸಾಧನಗಳಲ್ಲಿ ತೃಪ್ತಿಯನ್ನೂ ತನ್ನ ಗುಣ ಮತ್ತು ಕೆಲಸದಲ್ಲಿ ಅತೃಪ್ತಿಯನ್ನೂ ಇರಿಸಿಕೊಂಡಾಗ ಘರ್ಷಣೆಗೆ ಎಡೆಯಿಲ್ಲ. ಕೃತಜ್ಞತೆಯನ್ನು ಋಣವೆಂದು ಗ್ರಹಿಸಿದಾಗ ಬೆಳೆಯುವುದೇ ಅದನ್ನು ತೀರಿಸುವ ಕ್ರಮವಾಗುತ್ತದೆ, ಮತ್ತು ಆ ಮರುಪಾವತಿ ಬಹುಮಟ್ಟಿಗೆ ಹಿಂದಕ್ಕೆ ಹೋಗದೆ ಮುಂದಿನವರ ಕಡೆಗೆ ಹರಿಯುತ್ತದೆ. ಮೂರನೆಯದಾಗಿ, ಕೃತಜ್ಞತೆಯ ಹೆಸರಿನಲ್ಲಿ ಕೇಳಲಾಗುವ ಎಲ್ಲವೂ ಕೃತಜ್ಞತೆಯಲ್ಲವಾದ್ದರಿಂದ, ಋಣವನ್ನೂ ಹಂಗನ್ನೂ ಬೇರ್ಪಡಿಸುವ ಒಂದು ಒರೆಗಲ್ಲು ಅಗತ್ಯ.

ಆ ಒರೆಗಲ್ಲು ಕೊಡುವವರ ಬಯಕೆಯಲ್ಲಿದೆ. ಗುರುವಾದವನು ಶಿಷ್ಯನಿಂದ ಸೋಲನ್ನು ಬಯಸಬೇಕೆಂಬ ಹಳೆಯ ಮಾತೊಂದು ಈ ದೇಶದಲ್ಲಿ ಪ್ರಚಲಿತವಾಗಿದೆ. ಪಡೆದವನು ತನ್ನನ್ನು ಮೀರಿ ಬೆಳೆಯಲಿ, ಬೇಕಾದರೆ ತನ್ನೊಡನೆ ಭಿನ್ನಾಭಿಪ್ರಾಯವನ್ನೂ ತಾಳಲಿ ಎಂದು ಬಯಸಿ ಕೊಟ್ಟುದು ಉಪಕಾರ. ಪಡೆದವನು ತನ್ನ ಅಂಗಳದಲ್ಲಿಯೇ ಉಳಿಯಲಿ ಎಂದು ಬಯಸಿ ಕೊಟ್ಟುದು ಹಂಗು. ಮೊದಲನೆಯದರ ಮುಂದೆ ಬೆಳವಣಿಗೆ ಮತ್ತು ಕೃತಜ್ಞತೆ ಒಂದೇ ಕ್ರಿಯೆಯಾಗುತ್ತವೆ, ಏಕೆಂದರೆ ಕೊಟ್ಟವರು ಕೇಳಿದ್ದೇ ಬೆಳವಣಿಗೆಯನ್ನು. ಎರಡನೆಯದರ ಮುಂದೆ ತಲೆ ಬಾಗಬೇಕಾದ ಹೊಣೆ ಯಾರಿಗೂ ಇಲ್ಲ. ವಿದ್ಯಾರ್ಥಿವೇತನ ಕೊಡುವ ಸರ್ಕಾರ, ಪ್ರಸಾದನಿಲಯ ನಡೆಸುವ ಮಠ, ದತ್ತಿ ಇಡುವ ಕುಟುಂಬ, ಮಕ್ಕಳನ್ನು ಓದಿಸುವ ತಂದೆತಾಯಿ ಎಲ್ಲರೂ ತಾವು ಕೊಟ್ಟುದಕ್ಕೆ ಪ್ರತಿಯಾಗಿ ಏನನ್ನು ನಿರೀಕ್ಷಿಸುತ್ತಿದ್ದಾರೆ ಎಂಬುದನ್ನು ಈ ಒರೆಗೆ ಹಚ್ಚಿ ನೋಡಿಕೊಳ್ಳಬೇಕಾಗಿದೆ. ಪಡೆದವರ ಕೃತಜ್ಞತೆಯನ್ನು ಅಳೆಯುವ ಹಕ್ಕು ಆ ಪರೀಕ್ಷೆಯ ನಂತರವೇ ಅವರಿಗೆ ಬರುತ್ತದೆ.